ಚಕ್ಕಿನ ಪಕ್ಕದ ಒಂದು ಗೇಣು

ಹಳೆಯ ಯಂತ್ರಕ್ಕೆ ಬಣ್ಣ ಬಳಿಯುವ ವಿದ್ಯೆಯಲ್ಲಿ ನಮ್ಮ ಠಾಣೆ ಜಿಲ್ಲೆಯವರನ್ನು ಮೀರಿಸುವವರು ಭರತಖಂಡದಲ್ಲಿ ಇರಲಾರರು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಡೊಂಬಿವಲಿಯಲ್ಲಿ ಮನೆ ಮಾಡಿ, ಕರ್ನಾಟಕ ಸಂಘಕ್ಕೆ ಚಂದಾ ಕಟ್ಟಿ, ಮಕ್ಕಳನ್ನು ಕನ್ನಡದಲ್ಲಿ ಮುದ್ದಿಸಿ ಮರಾಠಿಯಲ್ಲಿ ಬೈದು ಬೆಳೆಸಿದವನಿಗೆ ಅಷ್ಟು ಹಕ್ಕಾದರೂ ಇದ್ದೀತು. ಮಳೆಗಾಲವಿಡೀ ಹರಕು ಟಾರ್ಪಾಲಿನಡಿ ತುಕ್ಕು ಹಿಡಿಯುತ್ತ ಕೂತಿದ್ದ ಲೇತೊಂದು, ಗಿರಾಕಿ ಬರುತ್ತಾನೆಂಬ ಸುದ್ದಿ ತಿಳಿದದ್ದೇ ತಡ, ಮೈತುಂಬ ಪುಟ್ಟಿ ಮೆತ್ತಿಸಿಕೊಂಡು, ಗಿಳಿಹಸಿರು ಬಳಿಸಿಕೊಂಡು, ಹ್ಯಾಂಡಲಿನ ಗುಂಡುಗಳಿಗೆ ಕೆಂಪು ಹಚ್ಚಿಸಿಕೊಂಡು ಸಿದ್ಧವಾಗಿ ನಿಂತಿರುತ್ತದೆ. ಎಣ್ಣೆ ಬಿಡುವ ತೂತುಗಳ ಮೇಲೂ ಬಣ್ಣ. ಅಂದರೆ ಬಣ್ಣ ಬಿದ್ದ ದಿನದಿಂದ ಅದರೊಳಗೆ ಒಂದು ತೊಟ್ಟು ಎಣ್ಣೆಯೂ ಬಿದ್ದಿಲ್ಲ. ಇಷ್ಟನ್ನು ದೂರದಿಂದಲೇ ತಿಳಿಯಬಹುದು, ಶೇಠ್‌ಜಿಯ ಚಹಾ ಬರುವುದಕ್ಕೂ ಮುಂಚೆ.

ನಾನು ಯಂತ್ರ ಮಾಡಿದವನಲ್ಲ, ಓಡಿಸಿದವನೂ ಅಲ್ಲ. ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂತು, ಬೇರೆಯವರು ಮಾಡಿ ತಂದದ್ದನ್ನು ಅಳೆದು, "ಇದು ಆಗಲ್ಲ" ಎಂದು ಹೇಳುವುದಷ್ಟೇ ನನ್ನ ಉದ್ಯೋಗವಾಗಿತ್ತು. ಈ ಮಾತನ್ನು ಹೇಳಿಯೇ ಸಂಬಳ, ಬೋನಸ್ಸು, ಗ್ರಾಚ್ಯುಯಿಟಿ ಎಲ್ಲ ಪಡೆದೆ. ನಿವೃತ್ತನಾದ ಮೇಲೆ ಇದೇ ಮಾತನ್ನು ಮನೆಯಲ್ಲಿ ಸಾರು, ಪಲ್ಯಗಳ ವಿಷಯದಲ್ಲಿ ಆಡಿ ನೋಡಿದೆ. ಅಲ್ಲಿ ಅದಕ್ಕೆ ಸಂಬಳವಿಲ್ಲ. ಆದರೂ ಸಂಘದ ಬಳಗದಲ್ಲಿ ನಾನು "ಮಷಿನ್ ಗೊತ್ತಿದ್ದವರು". ಮಿಕ್ಸರ್ ಸುಟ್ಟರೆ, ಹೊಲಿಗೆ ಯಂತ್ರ ಕಿರುಗುಟ್ಟಿದರೆ, ಕಟ್ಟಡದ ಲಿಫ್ಟು ಎರಡನೆಯ ಮಹಡಿಯಲ್ಲಿ ಮುನಿಸಿಕೊಂಡರೆ ನನಗೆ ಕರೆ ಬರುತ್ತದೆ. ಹಾಗಾಗಿ ತಂಗಿಯ ಮಗ ಬಂದು, "ಮಾವ, ಒಂದು ಸೆಕೆಂಡ್ ಹ್ಯಾಂಡ್ ಲೇತ್ ತಗೊಬೇಕಂತ ಮಾಡೀನಿ, ನೀವು ಒಂದ್ಸಲ ನೋಡಿಬಿಟ್ರೆ ನನಗ ಧೈರ್ಯ" ಎಂದಾಗ, ನನ್ನ ವೃತ್ತಿಗೆ ಸರಿಹೊಂದುವ ಕೆಲಸ ಬಂದಂತಾಯಿತು.

ಹುಡುಗ ಹರಿಹರದವನು. ಐಟಿಐಯಲ್ಲಿ ಟರ್ನರ್ ಕಲಿತು, ರಬಾಳೆಯ ಒಂದು ವರ್ಕ್‌ಶಾಪಿನಲ್ಲಿ ಬೇರೆಯವರ ಯಂತ್ರದ ಮೇಲೆ ಬೇರೆಯವರ ಜಾಬು ತಿರುಗಿಸಿ ಸಾಕಾಗಿ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಗಾಳಾ, ಅಂದರೆ ವರ್ಕ್‌ಶಾಪಿನ ಕೋಣೆ, ಬಾಡಿಗೆಗೆ ಹಿಡಿದಿದ್ದ. ಹೊಸ ಸಿಎನ್‌ಸಿ ಕೊಳ್ಳುವಷ್ಟು ದುಡ್ಡಿಲ್ಲ. ಆದರೆ ಪಂಪಿನ ಶಾಫ್ಟು, ಬುಷ್ಷು, ಪಕ್ಕದ ಕೆಮಿಕಲ್ ಕಂಪನಿಯವರು ಮುರಿದು ತರುವ ಕಪ್ಲಿಂಗು ಇಂಥವಕ್ಕೆ ಸಿಎನ್‌ಸಿ ಬೇಕಾಗಿಯೂ ಇಲ್ಲ. ಒಂದೇ ಒಂದು ತುಂಡು, ಸಂಜೆಯೊಳಗೆ ಬೇಕು, ಡ್ರಾಯಿಂಗ್ ಇಲ್ಲ, ಮುರಿದ ಹಳೆಯದೇ ಡ್ರಾಯಿಂಗ್. ಇಂಥ ಕೆಲಸಕ್ಕೆ ಆರು ಅಡಿಯ ಆಲ್ ಗೇರ್ಡ್ ಲೇತ್ ಇದ್ದರೆ ಸಾಕು. ನಮ್ಮ ಕಡೆ ಲೇತನ್ನು ಅಡಿ ಲೆಕ್ಕದಲ್ಲೇ ಕರೆಯುವುದು. 1956ರಲ್ಲೇ ಮೆಟ್ರಿಕ್ ಕಾನೂನು ಬಂತು. ಆದರೂ ಗಾಳಾಗಳೊಳಗೆ ಈಗಲೂ ಇಂಚಿಗೆ ಎಂಟು ಸೂತ.

ಅವನು ಬೇರೆ ಯಾವ ಹೆಸರನ್ನೂ ಎತ್ತಲಿಲ್ಲ. "ಕಿರ್ಲೋಸ್ಕರ್ ಆದ್ರೆ ಛಲೋ" ಎಂದ. ಹರಿಹರದವನು ಹಾಗೆನ್ನದೆ ಇನ್ನೇನು ಅಂದಾನು? 1941ರಲ್ಲಿ ಅಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರ್ ನಮ್ಮೂರಿನ ಮನೆಗಳಲ್ಲಿ ಬರೀ 'ಕಂಪನಿ'. ಅಲ್ಲಿಂದ ಹೊರಟ 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಲೇತುಗಳು ದೇಶದ ವರ್ಕ್‌ಶಾಪುಗಳಿಗೂ ಐಟಿಐಗಳಿಗೂ ಹೋದವು. ಈ ಶತಮಾನದ ಆರಂಭದಲ್ಲಿ ಕಂಪನಿ ನಿಂತಿತು. ಲೇತುಗಳಿಗೆ ಆ ಸುದ್ದಿ ಮುಟ್ಟಿಲ್ಲ. ಅವು ಇನ್ನೂ ತಿರುಗುತ್ತಿವೆ. ಬೆಂಗಳೂರಿನ ಎಚ್‌ಎಂಟಿಯದೂ ಹೆಚ್ಚುಕಡಿಮೆ ಇದೇ ಕಥೆ. ಜನಕ್ಕೆ ಆ ಹೆಸರು ನೆನಪಾಗುವುದು ಕೈಗಡಿಯಾರದಿಂದ. ಆದರೆ ಗಡಿಯಾರ ಬಂದದ್ದು 1961ರಲ್ಲಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಜತೆ ಸೇರಿ ಎಚ್‌ಎಂಟಿ ಕಟ್ಟಿದ್ದೇ ಲೇತ್ ಮಾಡುವುದಕ್ಕೆ. ಗಡಿಯಾರ ನಿಂತರೂ ಲೇತ್ ನಿಲ್ಲದೆ ಓಡುತ್ತಿರುವ ಗಾಳಾಗಳನ್ನು ನಾನು ಕಂಡಿದ್ದೇನೆ.

ಕಿರ್ಲೋಸ್ಕರರ ಹೆಸರು ಬಂದಾಗಲೆಲ್ಲ ಆ ಉದ್ಯಮಕ್ಕೆ ತಳಹದಿ ಹಾಕಿದ ಲಕ್ಷ್ಮಣರಾಯರ ಒಂದು ಸಂಗತಿ ನನಗೆ ನೆನಪಾಗುತ್ತದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಈ ಮನುಷ್ಯ ಮುಂಬಯಿಗೆ ಬಂದದ್ದು ಕಬ್ಬಿಣ ಹುಡುಕಿಕೊಂಡಲ್ಲ, ಜೆ.ಜೆ. ಕಲಾಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಯಲು. ಅಲ್ಲಿ ತಿಳಿಯಿತು, ಅವರ ಕಣ್ಣಿಗೆ ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲವೆಂದು. ಚಿತ್ರ ಬಿಟ್ಟರು, ಯಂತ್ರಗಳ ಡ್ರಾಯಿಂಗ್ ಹಿಡಿದರು, ವಿಜೆಟಿಐಯಲ್ಲಿ ಅದನ್ನೇ ಕಲಿಸಿದರು. ಆಮೇಲೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ಹಳೆಯ ಲೇತ್ ನೋಡಲು ಹೊರಟವನಿಗೆ ಬೇಕಾದದ್ದು ಇದೇ ಕಣ್ಣು ಎಂದು ನನ್ನ ಬಲವಾದ ನಂಬಿಕೆ: ಗೆರೆ ಕಾಣಬೇಕು, ಬಣ್ಣ ಕಾಣಬಾರದು.

ಹುಡುಕಾಟ ಠಾಣೆಯ ವಾಗ್ಳೆ ಎಸ್ಟೇಟಿನಿಂದ ಶುರುವಾಯಿತು. 1962ರಲ್ಲಿ ಎಂಐಡಿಸಿ ಹುಟ್ಟಿದಾಗ ಮೊದಲು ಕೈಹಾಕಿದ ಜಾಗಗಳಲ್ಲಿ ಇದೂ ಒಂದು. ಈಗ ಅಲ್ಲಿ ಗಾಜಿನ ಕಟ್ಟಡಗಳು ಎದ್ದಿವೆ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಮಕ್ಕಳು ಓಡಾಡುತ್ತಾರೆ. ಅವುಗಳ ಸಂದಿಗಳಲ್ಲಿ ಇನ್ನೂ ಉಳಿದುಕೊಂಡ ಗಾಳಾಗಳಿಂದ ಒಂದೊಂದಾಗಿ ಯಂತ್ರಗಳು ಹೊರಬೀಳುತ್ತಿವೆ. ಡೊಂಬಿವಲಿಯಿಂದ ಠಾಣೆಗೆ ಲೋಕಲ್. ದೇಶದ ಮೊದಲ ಪ್ರಯಾಣಿಕ ರೈಲು 1853ರಲ್ಲಿ ಠಾಣೆಗೇ ಬಂದದ್ದು. ಅಂದಿನಿಂದ ಇಂದಿನವರೆಗೆ ಈ ದಾರಿಯಲ್ಲಿ ನನಗೆ ಕೂರಲು ಜಾಗವೊಂದು ಸಿಕ್ಕಿಲ್ಲ. ಒಂದು ಜೇಬಿನಲ್ಲಿ ಡಯಲ್ ಗೇಜು, ಇನ್ನೊಂದರಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು ಇಟ್ಟುಕೊಂಡು ಆ ನೂಕುನುಗ್ಗಲಲ್ಲಿ ನಿಂತರೆ ಅಕ್ಕಪಕ್ಕದವರು ನಮ್ಮನ್ನು ನೋಡುವ ನೋಟವೇ ಬೇರೆ.

ಬಣ್ಣದ ಕಥೆ ಹೇಳಿದೆನಲ್ಲ, ಆ ಗಿಳಿಹಸಿರು ಲೇತು ಇಲ್ಲಿಯದೇ. "ಕಾಕಾ, ಮಕ್ಖನ್ ಹೈ, ಮಕ್ಖನ್" ಎಂದ ಮಾಲೀಕ. ಮುಂಬಯಿ ಸುತ್ತಮುತ್ತ ನುಣ್ಣಗಿರುವುದೆಲ್ಲ ಬೆಣ್ಣೆಯೇ. "ಸಿಂಗಲ್ ಹ್ಯಾಂಡ್ ಯೂಸ್, ಒಬ್ಬನೇ ಟರ್ನರ್ ಓಡಿಸಿದ್ದು." ಆ ಒಬ್ಬನೇ ಟರ್ನರ್ ಮೂರು ಪಾಳಿಯಲ್ಲಿ ಓಡಿಸಿದ್ದನೇನೋ. ಹೆಸರಿನ ಫಲಕದ ಅಕ್ಷರಗಳು ತೇದುಹೋಗಿದ್ದರೂ ಅದನ್ನು ಬಡಿದಿದ್ದ ರಿವೆಟ್ಟುಗಳು ನೆನ್ನೆ ಮೊನ್ನೆಯವು. ಅಳಿಯ ನನ್ನ ಮುಖ ನೋಡಿದ. ನಾನು ಏನೂ ಅನ್ನಲಿಲ್ಲ. ಮಾರುವವನ ಎದುರಿಗೆ "ಇದು ಆಗಲ್ಲ" ಎನ್ನಬಾರದು. ಅಂದರೆ ಬೆಲೆ ಇಳಿಯುತ್ತದೆ, ಇಳಿದ ಬೆಲೆ ಕೇಳಿ ಹುಡುಗನ ಮನಸ್ಸು ಕರಗುತ್ತದೆ.

ಲೇತ್ ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಯಂತ್ರವನ್ನೇ ನೋಡಬಾರದು, ಅದರಡಿಯ ನೆಲ ನೋಡಬೇಕು. ಬಿದ್ದಿರುವ ಬುರಾದಾ ಯಾವ ಲೋಹದ್ದು? ಹಿತ್ತಾಳೆಯದಾದರೆ ಯಂತ್ರ ಪುಣ್ಯ ಮಾಡಿತ್ತು. ಹಿತ್ತಾಳೆ ಮೆತ್ತಗೆ ಕತ್ತರಿಸಿಕೊಂಡು ಉದುರಿ ಹೋಗುತ್ತದೆ. ಬೀಡುಕಬ್ಬಿಣದ ಕಪ್ಪು ಪುಡಿಯಾದರೆ ಯೋಚಿಸಬೇಕು. ಎರಕದ ಮೇಲ್ಪದರದ ಮರಳೂ ಅದರೊಳಗೆ ಸೇರಿ, ಎಣ್ಣೆಯ ಜತೆ ಕಲೆತು, ಬೆಡ್ಡಿನ ಮೇಲೆ ತಿಕ್ಕುತ್ತಲೇ ಇರುತ್ತದೆ. ಟೂಲ್ ಪೋಸ್ಟಿಗೆ ಗ್ರೈಂಡರ್ ಕಟ್ಟಿ ರಬ್ಬರ್ ರೋಲರ್ ಉಜ್ಜುತ್ತಿದ್ದರು ಎಂದು ಗೊತ್ತಾದರೆ ಚಹಾ ಕುಡಿದು ಎದ್ದುಬಿಡುವುದು ಒಳ್ಳೆಯದು. ಗ್ರೈಂಡಿಂಗ್ ಕಲ್ಲಿನ ಧೂಳು ಹೊಕ್ಕ ಲೇತನ್ನು ದೇವರೂ ಸರಿಮಾಡಲಾರ.

ನೆಲ ಆದಮೇಲೆ ಬೆಡ್ಡು. ಆರು ಅಡಿ ಬೆಡ್ಡಿದ್ದರೂ ಆರೂ ಅಡಿ ದುಡಿಯುವುದಿಲ್ಲ. ಗಾಳಾಗೆ ಬರುವ ಜಾಬುಗಳೆಲ್ಲ ಗಿಡ್ಡ. ಚಕ್ಕಿನಲ್ಲಿ ಕಚ್ಚಿಸಿ, ಚಕ್ಕಿನ ಪಕ್ಕದಲ್ಲೇ ಕೆಲಸ ಮುಗಿಯುತ್ತದೆ. ಹಾಗಾಗಿ ಟೂಲನ್ನು ಹೊತ್ತ ಸ್ಯಾಡಲ್ ತನ್ನ ಆಯುಷ್ಯವನ್ನೆಲ್ಲ ಆ ಒಂದು ಗೇಣು ಜಾಗದಲ್ಲೇ ಹಿಂದೆ ಮುಂದೆ ಓಡಾಡಿ ಕಳೆದಿರುತ್ತದೆ. ಸವೆತವೆಲ್ಲ ಅಲ್ಲಿ. ಟೇಲ್‌ಸ್ಟಾಕ್ ತುದಿಯ ಎರಡು ಅಡಿ ಮೊನ್ನೆ ತಾನೆ ಹರಿಹರದಿಂದ ಬಂದಂತೆ ಇರುತ್ತದೆ. ಮಾರುವವರು ಬೆರಳಾಡಿಸಿ ತೋರಿಸುವುದು ಆ ತುದಿಯನ್ನೇ. ನೀವು ಉಗುರನ್ನು ಅಡ್ಡಲಾಗಿ ಈಚೆ ತುದಿಯಲ್ಲಿ ಎಳೆದು ನೋಡಬೇಕು. ಸ್ಯಾಡಲ್ ಮುಟ್ಟದ ಅಂಚಿಗೂ ಮುಟ್ಟಿದ ಮೈಗೂ ನಡುವೆ ಉಗುರು ತಡೆದರೆ ಅದೇ ಸವೆತದ ಮೆಟ್ಟಿಲು. ಇನ್ನೂ ಒಂದು ಪರೀಕ್ಷೆ ಇದೆ, ಅದಕ್ಕೆ ಗೇಜೂ ಬೇಡ, ಕರೆಂಟೂ ಬೇಡ. ಸ್ಯಾಡಲನ್ನು ಚಕ್ಕಿನ ಹತ್ತಿರ ತಂದು, ಅದರ ಲಾಕನ್ನು ಕೊಂಚವೇ ಬಿಗಿ ಮಾಡಿ, ಹ್ಯಾಂಡಲ್ ತಿರುಗಿಸುತ್ತ ಟೇಲ್‌ಸ್ಟಾಕಿನ ಕಡೆಗೆ ನಡೆಸಬೇಕು. ಸವೆಯದ ಬೆಡ್ಡಾದರೆ ಕೈಗೆ ಒಂದೇ ಹದ. ಸವೆದದ್ದಾದರೆ ಹೋಗುತ್ತ ಹೋಗುತ್ತ ಬಿಗಿಯಾಗಿ ನಡುವೆ ಸಿಕ್ಕಿಕೊಂಡುಬಿಡುತ್ತದೆ, ಏಕೆಂದರೆ ಮುಂದಿನ ದಾರಿ ಇನ್ನೂ ದಪ್ಪವಾಗಿದೆ. ವಾಗ್ಳೆಯ ಗಿಳಿಹಸಿರು ಲೇತು ಒಂದೂವರೆ ಅಡಿ ಹೋಗಿ ನಿಂತುಬಿಟ್ಟಿತು. "ಮಕ್ಖನ್ ಗಟ್ಟಿ ಆತು ಮಾವ" ಎಂದ ಅಳಿಯ, ಕನ್ನಡದಲ್ಲಿ, ಮೆಲ್ಲಗೆ.

ಮಾಲೀಕ ಆಗ ಬೆಡ್ ಗ್ರೈಂಡಿಂಗ್ ಮಾಡಿಸಿಕೊಡುತ್ತೇನೆ ಎಂದ. ಇದು ಕೇಳಲು ಹಿತವಾದ ಮಾತು. ಗ್ರೈಂಡಿಂಗ್ ಮಾಡಿದರೆ ಬೆಡ್ಡು ನೇರವಾಗುವುದು ನಿಜ. ಆದರೆ ತೇದಷ್ಟು ಸ್ಯಾಡಲ್ ಕೆಳಗಿಳಿಯುತ್ತದೆ. ಸ್ಯಾಡಲಿಗೆ ನೇತುಬಿದ್ದ ಏಪ್ರನ್ನೂ ಇಳಿಯುತ್ತದೆ. ಲೀಡ್ ಸ್ಕ್ರೂ ಮಾತ್ರ ಇದ್ದಲ್ಲೇ ಇರುತ್ತದೆ. ಆಮೇಲೆ ಹಾಫ್ ನಟ್ಟು ಕಚ್ಚಿದಾಗಲೆಲ್ಲ ಸ್ಕ್ರೂ ಬಾಗಿ ನರಳುತ್ತದೆ. ಇಳಿದದ್ದನ್ನು ಎತ್ತಲು ಸ್ಯಾಡಲಿನಡಿ ಟರ್ಸೈಟ್ ಪಟ್ಟಿ ಅಂಟಿಸಿ, ಕೈಯಿಂದ ಕೆರೆದು ಕೂರಿಸುವವರು ಬೇಕು. ಕೆರೆಯಬಲ್ಲ ಫಿಟ್ಟರುಗಳು ಈಗ ಡೊಂಬಿವಲಿಯಲ್ಲಿ ಖಾಲಿ ಸೀಟಿಗಿಂತ ದುರ್ಲಭ.

ಆಮೇಲೆ ಕಲ್ಯಾಣದಲ್ಲಿ ನೋಡಿದ ಯಂತ್ರದ ಕಥೆ ಬೇರೆ. ಅದಕ್ಕೆ ಹೊಸ ಬಣ್ಣವಿರಲಿಲ್ಲ, ಬೆಲೆಯೂ ಬಹಳ ಕಡಿಮೆ. ಕಡಿಮೆ ಬೆಲೆ ಕೇಳಿದಾಗ ನನಗೆ ಮೊದಲು ನೆನಪಾಗುವುದು 2005ರ ಜುಲೈ 26. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು ಎಂಬುದನ್ನು ಎಲ್ಲರೂ ಬಲ್ಲರು. ಇತ್ತ ಉಲ್ಲಾಸ ನದಿ ಕಲ್ಯಾಣ, ಬದ್ಲಾಪುರಗಳೊಳಗೆ ನುಗ್ಗಿ ಮಾಡಿದ್ದನ್ನು ಇಲ್ಲಿಯವರು ಮಾತ್ರ ನೆನೆಯುತ್ತಾರೆ. 2019ರ ಜುಲೈಯಲ್ಲಿ ಇದೇ ನದಿ ವಾಂಗಣಿಯ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನು ಪ್ರಯಾಣಿಕರ ಸಮೇತ ನಡುದಾರಿಯಲ್ಲಿ ನಿಲ್ಲಿಸಿತ್ತು. ನೀರು ಕುಡಿದ ಯಂತ್ರ ಹೊರಗಿನಿಂದ ಒರೆಸಿಕೊಂಡು ಚೆನ್ನಾಗಿಯೇ ಕಾಣುತ್ತದೆ. ಬೆಲ್ಟ್ ಗಾರ್ಡಿನ ಒಳಮೈಗೆ ಟಾರ್ಚು ಬಿಟ್ಟು ನೋಡಿ. ಅಲ್ಲಿಗೆ ಬಟ್ಟೆಯೂ ಬ್ರಷ್ಷೂ ಹೋಗುವುದಿಲ್ಲ. ನೀರು ನಿಂತಷ್ಟು ಎತ್ತರಕ್ಕೆ ಮಣ್ಣಿನ ಗೆರೆ ನೆಟ್ಟಗೆ ಎಳೆದಿರುತ್ತದೆ. ಹೆಡ್‌ಸ್ಟಾಕಿನ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಬೇರಿಂಗುಗಳ ಗತಿ ಹೇಳಬೇಕಾಗಿಲ್ಲ. ಕಲ್ಯಾಣದ್ದಕ್ಕೆ ಗೆರೆ ಸೊಂಟದ ಎತ್ತರಕ್ಕಿತ್ತು. ಹಾಲೂ ಇತ್ತು.

ಡೊಂಬಿವಲಿಯ ಕಬ್ಬಿಣಕ್ಕೆ ನದಿಯೂ ಬೇಕಿಲ್ಲ, ಗಾಳಿ ಸಾಕು. ಇದು ಕೆಮಿಕಲ್ ಕಾರ್ಖಾನೆಗಳ ದಯೆಯಿಂದ 2014ರಲ್ಲಿ ಹಸಿರು ಮಳೆ, 2020ರಲ್ಲಿ ಗುಲಾಬಿ ರಸ್ತೆ ಕಂಡ ಊರು. ಆಗಿನ ಮುಖ್ಯಮಂತ್ರಿಗಳೇ ಬಂದು ಆ ರಸ್ತೆ ನೋಡಿ ಹೋದರು. ಇಂಥ ಕಡೆ ಆಸಿಡ್ ಬಳಸುವ ಕಾರ್ಖಾನೆಯ ಮಗ್ಗುಲಿಗಿದ್ದ ಲೇತಿಗೆ ರಾತ್ರಿ ಎಣ್ಣೆ ಸವರದೆ ಮನೆಗೆ ಹೋದರೆ ಬೆಳಿಗ್ಗೆ ಬೆಡ್ಡಿನ ಮೇಲೆ ಇಟ್ಟಿಗೆ ಬಣ್ಣದ ಹೊದಿಕೆ. ಅಂಥ ತುಕ್ಕನ್ನು ತಿಕ್ಕಿ ತೆಗೆಯಬಹುದು. ಆದರೆ ಅದು ಯಂತ್ರದ ಮಾತಿಗಿಂತ ಮನುಷ್ಯನ ಮಾತು: ದಿನಕ್ಕೊಂದು ತೊಟ್ಟು ಎಣ್ಣೆಗೆ ಹಿಂದೆಗೆದವನು ಗೇರ್‌ಬಾಕ್ಸಿಗೆ ಏನು ಹಾಕಿದ್ದಾನು?

ಕರೆಂಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿದ ಗಾಳಾಗಳಲ್ಲಿ ಮಹಾವಿತರಣದವರು ಮೀಟರ್ ಕಿತ್ತುಕೊಂಡು ಹೋಗಿರುತ್ತಾರೆ. "ಲೈಟ್ ನಹೀ ಹೈ, ಬಾಕಿ ಏಕದಮ್ ಚಾಲೂ ಕಂಡಿಷನ್" ಎನ್ನುತ್ತಾರೆ. ಓಡಿಸಿ ನೋಡಲಾಗದ ಲೇತಿಗೆ ಗುಜರಿಯ ತೂಕದ ಬೆಲೆ ಮಾತ್ರ ಹೇಳಬೇಕು, ಒಂದು ಪೈಸೆ ಹೆಚ್ಚಿಲ್ಲ. ಟನ್ನು ತೂಗುವ ಎರಕಕ್ಕೆ ಆ ಲೆಕ್ಕದಲ್ಲಿಯೂ ಮರ್ಯಾದೆಯ ದುಡ್ಡೇ ಬರುತ್ತದೆ, ಆದ್ದರಿಂದ ಮುಜುಗರಪಡಬೇಕಿಲ್ಲ.

ಓಡುವ ಯಂತ್ರವಾದರೆ ಕಿವಿಯ ಕೆಲಸ. ಎಲ್ಲ ಗೇರುಗಳಲ್ಲೂ ಓಡಿಸಬೇಕು, ಮಾರುವವನಿಗೆ ಪ್ರಿಯವಾದ ಒಂದೇ ಗೇರಿನಲ್ಲಲ್ಲ. ಹಲ್ಲು ಮುರಿದ ಗೇರು ಪ್ರತಿ ಸುತ್ತಿಗೊಮ್ಮೆ ಟಕ್ ಎನ್ನುತ್ತದೆ; ಸವೆದ ಬೇರಿಂಗು ಎಡೆಬಿಡದೆ ಗೊಣಗುತ್ತದೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಹೆಡ್‌ಸ್ಟಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರೆ ಎರಡೂ ಬೇರೆಬೇರೆಯಾಗಿ ಕೇಳಿಸುತ್ತವೆ. ನಾನು ಹಾಗೆ ಕಣ್ಣು ಮುಚ್ಚಿ ನಿಂತಾಗ ಮಾರುವವರ ಮಾತು ತಾನಾಗಿ ನಿಲ್ಲುತ್ತದೆ; ಆ ಮೌನಕ್ಕಾಗಿಯೇ ಕೆಲವೊಮ್ಮೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೇನೆ. ತೀರ ಸದ್ದೇ ಇಲ್ಲದ ಗೇರ್‌ಬಾಕ್ಸಿನ ಮೇಲೆ ನನಗೆ ಹೆಚ್ಚು ಗುಮಾನಿ. ಬೇಕಾದದ್ದಕ್ಕಿಂತ ದಪ್ಪ ಎಣ್ಣೆ ತುಂಬಿದರೆ ಎಂಥ ಗೇರಿನ ಬಾಯಿಯೂ ಒಂದು ವಾರ ಮುಚ್ಚಿರುತ್ತದೆ.

ನಮ್ಮ ತಾತ ದನದ ಜಾತ್ರೆಯಲ್ಲಿ ಎತ್ತು ನೋಡುತ್ತಿದ್ದ ರೀತಿಯೂ ಹೀಗೇ ಇತ್ತು. ಕೊಂಬಿನ ಬಣ್ಣ, ಹಣೆಯ ಗೊಂಡೆ, ಕೊರಳ ಗೆಜ್ಜೆ ಯಾವುದನ್ನೂ ನೋಡುತ್ತಿರಲಿಲ್ಲ. ನೇರ ಬಾಯಿ ತೆರೆಸಿ ಹಲ್ಲೆಣಿಸುವುದು. ಬಾಯಿಗೂಡಿದ್ದರೆ ಅದಕ್ಕೊಂದು ಲೆಕ್ಕ. ಆಮೇಲೆ ಸುಳಿ. ಆಮೇಲೆ ನಾಲ್ಕು ಹೆಜ್ಜೆ ನಡೆಸಿ ಹಿಂದಿನಿಂದ ನೋಡುವುದು. ಕಡೆಗೆ ಟವೆಲ್ಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು, ಬಾಯಿಬಿಡದೆ ವ್ಯಾಪಾರ. ಸುಳಿ ಕೆಟ್ಟದ್ದೆಂದು ಎಲ್ಲರೂ ಬಿಟ್ಟ ಎತ್ತನ್ನು ತಾತ ಬೇಕೆಂದೇ ಅಗ್ಗಕ್ಕೆ ತಂದ ಪ್ರಸಂಗವೂ ಇದೆ. "ಸುಳಿ ನೋಡಿ ಹೊಲ ಉಳಲ್ಲ, ಹೆಗಲು ನೋಡಿ ಉಳ್ತತಿ" ಎಂದರಂತೆ. ಲೇತಿಗೆ ಸುಳಿಯೂ ಇಲ್ಲ, ಟವೆಲ್ಲಿನ ಬದಲು ವಾಟ್ಸಾಪ್ ಬಂದಿದೆ, ಅಷ್ಟೇ ವ್ಯತ್ಯಾಸ.

ಶಾಸ್ತ್ರೋಕ್ತವಾಗಿ ನೋಡಬೇಕೆನ್ನುವವರಿಗೆ ಶಾಸ್ತ್ರವೂ ಇದೆ. ಬರ್ಲಿನ್ನಿನ ಪ್ರಾಧ್ಯಾಪಕ ಗಿಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಯಂತ್ರಗಳನ್ನು ಒಪ್ಪಿಕೊಳ್ಳುವ ಮುನ್ನ ಏನೇನು ಅಳೆಯಬೇಕು, ಎಷ್ಟು ತಪ್ಪನ್ನು ಮನ್ನಿಸಬಹುದು ಎಂದು ಪಟ್ಟಿ ಮಾಡಿ ಪುಸ್ತಕ ಬರೆದರು. ಲೋಕದ ಇನ್‌ಸ್ಪೆಕ್ಟರುಗಳಿಗೆಲ್ಲ ಅವರೇ ಗುರು. 1933ರಲ್ಲಿ ನಾಜಿಗಳು ಯೆಹೂದಿಯೆಂದು ಅವರನ್ನು ಹುದ್ದೆಯಿಂದ ಕಿತ್ತರು. ಕಡೆಗಾಲ ಇಂಗ್ಲೆಂಡಿನಲ್ಲಿ ಕಳೆಯಿತು. ಅವರ ಪಟ್ಟಿಗಳ ದಾರಿಯಲ್ಲೇ ನಡೆದುಬಂದ ಪದ್ಧತಿಯ ಪ್ರಕಾರ ಲೇತಿನ ಸ್ಪಿಂಡಲ್ ತಿರುಗುವಾಗ 0.01 ಮಿಲಿಮೀಟರಿಗಿಂತ ಹೆಚ್ಚು ಹೊಯ್ದಾಡಕೂಡದು, ಅಂದರೆ ತಲೆಗೂದಲಿನ ದಪ್ಪದಲ್ಲಿ ಆರೇಳು ಪಾಲು ಮಾಡಿ ಒಂದು ಪಾಲು. ಜಾಬಿನ ಮುಖ ಕತ್ತರಿಸಿದರೆ ಅದು ಮಟ್ಟಸವಾಗಿರಬೇಕು, ತಪ್ಪಿದರೆ ನಡುವೆ ತಗ್ಗಾಗಬಹುದು, ಉಬ್ಬಕೂಡದು. ಏಕೆಂದರೆ ತಗ್ಗಿನದು ಅಂಚಿನ ಮೇಲೆ ಗಟ್ಟಿಯಾಗಿ ಕೂರುತ್ತದೆ, ಉಬ್ಬಿನದು ಕೂತಲ್ಲಿ ಆಡುತ್ತದೆ. ಪ್ರಾಧ್ಯಾಪಕರು ಇದನ್ನೆಲ್ಲ ಬರೆದದ್ದು ಹೊಸ ಯಂತ್ರಗಳಿಗೆ. ರಬಾಳೆಯಲ್ಲಿ ನಾವು ನೋಡಿದ ಎಚ್‌ಎಂಟಿ ಒಂದು ಮಾತ್ರ ಈ ಪಟ್ಟಿಯ ಹತ್ತಿರಕ್ಕೆ ಬಂತು. ಮುಚ್ಚಿದ ಟೂಲ್‌ರೂಮಿನದು, ಮೈಮೇಲೆ ಮೂಲ ಬಣ್ಣ, ಡಯಲ್ ಗೇಜಿನ ಮುಳ್ಳು ಕದಲಲೇ ಇಲ್ಲ. ನನಗೆ ಕೈಮುಗಿಯೋಣ ಅನ್ನಿಸಿತು. ಬೆಲೆ ಕೇಳಿ ಅಳಿಯನೇ ಕೈಮುಗಿದ.

ಕೊನೆಗೆ ಸಿಕ್ಕದ್ದು ಡೊಂಬಿವಲಿಯಲ್ಲೇ, ಅವನ ಗಾಳಾದಿಂದ ಕೂಗಳತೆಯಲ್ಲಿ. ಹರಿಹರದ ಎಂಟರ್‌ಪ್ರೈಸ್. ಬಣ್ಣ ಅರ್ಧ ಉದುರಿತ್ತು, ಉಳಿದರ್ಧದ ಮೇಲೆ ಎಣ್ಣೆ ಮತ್ತು ಮಸಿಯ ದಪ್ಪ ಪದರ. ಹೆಡ್‌ಸ್ಟಾಕಿನ ಮೇಲೆ ಸಿಂದೂರವಿಟ್ಟ ಗಣಪತಿಯ ಪಟ. ಎಣ್ಣೆ ತೂತುಗಳ ಸುತ್ತ ಮಾತ್ರ ಲೋಹ ಹೊಳೆಯುತ್ತಿತ್ತು, ದಿನಾ ಕ್ಯಾನಿನ ಮೂತಿ ತಾಗಿ ತಾಗಿ. ಅದನ್ನು ನೋಡಿದ ಕೂಡಲೇ ನನಗೆ ಅರ್ಧ ಒಪ್ಪಿಗೆಯಾಯಿತು, ಮಿಕ್ಕರ್ಧವನ್ನು ಅಳೆದು ಒಪ್ಪಬೇಕಿತ್ತು.

ಆರಿಂಚಿನ ಸ್ಕೇಲು ಇಲ್ಲಿ ಕೆಲಸಕ್ಕೆ ಬಂತು. ಹೆಡ್‌ಸ್ಟಾಕಿಗೊಂದು ಸೆಂಟರ್, ಟೇಲ್‌ಸ್ಟಾಕಿಗೊಂದು ಸೆಂಟರ್ ಹಾಕಿ, ಎರಡರ ಚೂಪುಗಳ ನಡುವೆ ಸ್ಕೇಲನ್ನು ಹಗುರವಾಗಿ ಕಚ್ಚಿಸಿದರೆ, ಚೂಪುಗಳು ನೇರದಲ್ಲಿದ್ದಾಗ ಸ್ಕೇಲು ನೆಟ್ಟಗೆ ನಿಲ್ಲುತ್ತದೆ. ನಮ್ಮದು ತಲೆಯನ್ನು ಸ್ವಲ್ಪ ವಾಲಿಸಿತು; ಟೇಲ್‌ಸ್ಟಾಕು ಸವೆದು ತಗ್ಗಿತ್ತು. ಅದರಡಿ ತೆಳುವಾದ ಶಿಮ್ಮು ಕೊಟ್ಟರೆ ಸರಿಹೋಗುವ ಮಾತು. ಕ್ರಾಸ್ ಸ್ಲೈಡಿನ ಹ್ಯಾಂಡಲ್ ಕಾಲು ಸುತ್ತು ಸುಮ್ಮನೆ ತಿರುಗುತ್ತಿತ್ತು; ಹಿತ್ತಾಳೆ ನಟ್ಟು ಬದಲಿಸಿದರೆ ಅದೂ ಹೋಗುತ್ತದೆ, ಆ ನಟ್ಟನ್ನು ಈ ಲೇತಿನ ಮೇಲೆಯೇ ಮಾಡಿಕೊಳ್ಳಬಹುದು. ಟ್ರೂ ಚಕ್ಕಿನ ದವಡೆಗಳು ಬಾಯಿ ಅಗಲಿಸಿದ್ದವು. ಡಾಗ್ ಚಕ್ಕು ಚೆನ್ನಾಗಿತ್ತು. ನಂತರ ಒಂದು ಸರಳು ಹಾಕಿ, ಎರಡು ಕಡೆ ಉಂಗುರದಂತೆ ದಪ್ಪ ಬಿಟ್ಟು, ಟೂಲನ್ನು ಕದಲಿಸದೆ ಎರಡನ್ನೂ ಒಂದೇ ಕಟ್ಟಿನಲ್ಲಿ ಸವರಿ ಮೈಕ್ರೋಮೀಟರ್ ಹಿಡಿದೆ. ನಾಲ್ಕಿಂಚಿನ ಅಂತರಕ್ಕೆ ನೂರರಲ್ಲಿ ಎರಡು ಪಾಲಿನ ವ್ಯತ್ಯಾಸ, ಅಂದರೆ 0.02 ಮಿಲಿಮೀಟರ್. ಶ್ಲೆಸಿಂಗರ್ ಒಪ್ಪುವುದಿಲ್ಲ. ಪಂಪಿನ ಬುಷ್ಷು ಒಪ್ಪುತ್ತದೆ.

ಇಷ್ಟು ಹೊತ್ತಿಗೆ ಹುಡುಗನ ಮುಖ ಸಣ್ಣದಾಗಿತ್ತು. "ಮಾವ, ಎಷ್ಟೊಂದು ತಪ್ಪು ಅದಾವಲ್ರಿ?"

"ಅದಕ್ಕೇ ಇದನ್ನ ತಗೋ" ಎಂದೆ. ವೃತ್ತಿಜೀವನದಲ್ಲಿ ನಾನು ಆಡದೆ ಇದ್ದ ಮಾತು ಅದು. "ಇದರ ತಪ್ಪು ಎಲ್ಲಾ ಕಣ್ಣ ಮುಂದ ಅದಾವ. ಎಲ್ಲಿ ಎಷ್ಟು ವಾಲ್ತತಿ ಅಂತ ಗೊತ್ತಿದ್ದರ ಟರ್ನರ್ ಅದನ್ನ ಕೈಯಾಗ ಸರಿದೂಗಿಸ್ತಾನ. ಗೊತ್ತಿಲ್ಲದ ತಪ್ಪು ಬಣ್ಣದ ಕೆಳಗ ಇದ್ದರ ಏನ್ ಮಾಡ್ತಿ?"

ಬಿಡಿಭಾಗಗಳನ್ನು ಎಣಿಸುವಾಗ ಚೇಂಜ್ ಗೇರುಗಳಲ್ಲಿ ಒಂದು ಕಾಣಲಿಲ್ಲ, ಅದೂ 127 ಹಲ್ಲಿನದು. ಬೇರೆ ಯಾವುದು ಇಲ್ಲದಿದ್ದರೂ ಸುಮ್ಮನಿರಬಹುದಿತ್ತು. ಲೀಡ್ ಸ್ಕ್ರೂ ಇಂಚಿನದು. ಗಿರಾಕಿ ಕೇಳುವುದು ಮಿಲಿಮೀಟರ್ ಥ್ರೆಡ್ಡು. ಇಂಚೆಂದರೆ 25.4 ಮಿಲಿಮೀಟರ್, ಅದನ್ನು ಪೂರ್ಣಸಂಖ್ಯೆ ಮಾಡಲು ಐದರಿಂದ ಗುಣಿಸಿದರೆ 127. ಅದು ಅವಿಭಾಜ್ಯ ಸಂಖ್ಯೆ, ಒಡೆದು ಚಿಕ್ಕ ಗೇರಿನಲ್ಲಿ ಹಾಕೋಣವೆಂದರೆ ಆಗುವುದಿಲ್ಲ. ಅಷ್ಟು ದೊಡ್ಡ ಚಕ್ರ ಇದ್ದರೇ ಇಂಚಿನ ಲೇತು ಸರಿಯಾದ ಮೆಟ್ರಿಕ್ ಮಾತಾಡುವುದು. ಮಾಲೀಕರು, ಎಪ್ಪತ್ತು ದಾಟಿದ ಮರಾಠಿ ಗೃಹಸ್ಥರು, ಎಲ್ಲಿಯೋ ಇರಬೇಕು ಎಂದು ಮಾಳಿಗೆ ಹತ್ತಿದರು. ಸಿಕ್ಕಿತು, ಗಣೇಶೋತ್ಸವದ ಮಂಟಪದ ಸಾಮಾನಿನ ಕೆಳಗೆ. ಯಾರೋ ಅದನ್ನು ದೀಪಸ್ತಂಭಕ್ಕೆ ಬುಡವಾಗಿ ಇಟ್ಟಿದ್ದರು, ಹಲ್ಲುಗಳ ನಡುವೆ ಕುಂಕುಮ.

ಬೆಲೆಯ ಮಾತು ಚಹಾದ ಒಂದು ಲೋಟದೊಳಗೆ ಮುಗಿಯಿತು. ಅವರು ಎರಡು ಲಕ್ಷ ಎಂದರು, ಅಳಿಯ ಒಂದೂವರೆ ಎಂದ, ನಾನು ಟೇಲ್‌ಸ್ಟಾಕಿನ ಕಡೆ ನೋಡಿದೆ, ಒಂದು ಮುಕ್ಕಾಲಕ್ಕೆ ನಿಂತಿತು. ಹೈಡ್ರಾ ಕ್ರೇನಿನ ಬಾಡಿಗೆ ಯಾರದು, ಟೆಂಪೋ ಯಾರದು, ಮಾಥಾಡಿ ಹಮಾಲರ ಲೆಕ್ಕ ಯಾರದು ಎಂಬಲ್ಲಿ ತುಸು ಎಳೆದಾಟವಾಯಿತು. ಕೂಗಳತೆಯ ದೂರಕ್ಕೂ ಟನ್ನು ಭಾರ ತಾನಾಗಿ ನಡೆದುಕೊಂಡು ಹೋಗುವುದಿಲ್ಲವಲ್ಲ. ಬೇಕಾದರೆ ಗಣಪತಿಯ ಪಟವನ್ನು ತೆಗೆದುಕೊಳ್ಳುತ್ತೇನೆ ಎಂದರು ಮಾಲೀಕರು. "ಇರಲಿ ಬಿಡಿ ಕಾಕಾ" ಎಂದು ಅಳಿಯ ಮರಾಠಿಯಲ್ಲಿ ಅಂದದ್ದು ನನಗೆ ಹಿಡಿಸಿತು.

ಅಷ್ಟರಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ ಮನುಷ್ಯ ಎದ್ದು ಬಂದ. ಈ ಲೇತನ್ನು ಇಷ್ಟು ಕಾಲ ಓಡಿಸಿದ ಟರ್ನರ್ ಅವನೇ. ನಮ್ಮ ಪರೀಕ್ಷೆಗಳನ್ನೆಲ್ಲ ಬಾಯಿಬಿಡದೆ ನೋಡಿದ್ದ. ಹೆಡ್‌ಸ್ಟಾಕಿನ ಮೇಲೆ ಅಂಗೈಯಿಟ್ಟು ಅಳಿಯನಿಗೆ ಹೇಳಿದ: ಮೂರನೆಯ ಗೇರಿಗೆ ಹಾಕುವಾಗ ಚಕ್ಕನ್ನು ಕೈಯಿಂದ ಸ್ವಲ್ಪ ತಿರುಗಿಸು, ಇಲ್ಲದಿದ್ದರೆ ಕೂಗುತ್ತದೆ. ಉದ್ದನೆಯ ಥ್ರೆಡ್ಡಿದ್ದರೆ ಚಕ್ಕಿನಿಂದ ದೂರ ಮಾಡು, ಅಲ್ಲಿ ಸ್ಕ್ರೂ ಹೊಸದಿದ್ದಂತೆ ಇದೆ. ಮೆಟ್ರಿಕ್ ಕೆಲಸಕ್ಕೆ ಹಾಫ್ ನಟ್ ಬಿಚ್ಚಬೇಡ, ಮೋಟರನ್ನೇ ಉಲ್ಟಾ ಓಡಿಸಿ ವಾಪಸು ಬಾ. ಡಯಲ್ ಗೇಜು ಹಿಡಿದು ನಾನು ಇಡೀ ಮಧ್ಯಾಹ್ನ ಕಂಡುಹಿಡಿದದ್ದೂ ಕಾಣದೆ ಹೋದದ್ದೂ ಅವನ ಬಾಯಲ್ಲಿ ಎರಡು ನಿಮಿಷದಲ್ಲಿ ಬಂತು. ಅಳಿಯ ಸೀಮೆಸುಣ್ಣದಿಂದ ಎಲ್ಲವನ್ನೂ ಗಾರ್ಡಿನ ಒಳಗೆ ಬರೆದುಕೊಂಡ. ನಂತರ ಸುಮ್ಮನಿರಲಾರದೆ, ನಮ್ಮ ಗಾಳಾಗೇ ಬಂದುಬಿಡಿ ಎಂದು ಕೇಳಿದ.

ಅವನು ತಂಬಾಕನ್ನು ಬಾಯಿಗಿಟ್ಟುಕೊಂಡು, ಟಿಟವಾಳಾದಿಂದ ಬರುವ ರೈಲಿನ ಪಾಸು ಯಾರು ಕೊಡುತ್ತಾರೆ, ಶುಕ್ರವಾರ ರಜೆಯೋ ಅಲ್ಲವೋ, ದಿನಕ್ಕೆ ಎರಡು ಚಹಾವೋ ಮೂರೋ ಎಂದು ಒಂದೊಂದಾಗಿ ವಿಚಾರಿಸತೊಡಗಿದ. ಗಾಳಾದ ಬೆಳಕು, ಫ್ಯಾನು, ಪಾಯಖಾನೆ ಎಲ್ಲವನ್ನೂ ಖುದ್ದಾಗಿ ನೋಡಿಯೇ ಹೇಳುತ್ತೇನೆ ಎಂದ. ಲೇತಿನ ವ್ಯಾಪಾರಕ್ಕೆ ಒಂದು ಲೋಟ ಚಹಾ ಸಾಕಾಗಿತ್ತು. ಇದಕ್ಕೆ ಎರಡನೆಯ ಸುತ್ತು ತರಿಸಬೇಕಾಯಿತು.